ಗಿಳಿಗಿಂತ ಮೊದಲು ಊರು ಮುಟ್ಟಬೇಕು

"ಹಣ್ಣ ಆಗ್ಯಾವ. ಬರೂದಿದ್ರ ಈ ವಾರ ಬಾ. ಮುಂದಿನ ವಾರ ಗಿಳಿ ಬರ್ತಾವ."

ಮಾರ್ಚ್ ಮೊದಲ ವಾರ ಅಪ್ಪ ವಾಟ್ಸಾಪಿನಲ್ಲಿ ಕಳಿಸಿದ ವಾಯ್ಸ್ ನೋಟ್ ಇಷ್ಟೇ. ಹೇಗಿದ್ದೀಯ, ಊಟ ಆಯ್ತಾ ಏನೂ ಇಲ್ಲ. ಹಣ್ಣು ಅಂದರೆ ನಮ್ಮ ಹಿತ್ತಲಿನ ಅಂಜೂರ. ಮಾವಾದರೆ ಕಾಯಿ ಕಿತ್ತು ಹುಲ್ಲಿನಲ್ಲಿ ಮುಚ್ಚಿಟ್ಟು ಬಸ್ಸಿಗೆ ಹಾಕಿ ಕಳಿಸಬಹುದು, ದಾರಿಯಲ್ಲೇ ಹಣ್ಣಾಗುತ್ತೆ. ಅಂಜೂರ ಹಾಗಲ್ಲ. ಕಾಯಿ ಕಿತ್ತರೆ ಅದು ಕಾಯಿಯಾಗೇ ಬಾಡುತ್ತೆ. ಗಿಡದಲ್ಲೇ ಹಣ್ಣಾಗಲಿ ಅಂತ ಬಿಟ್ಟರೆ ಬಿಡಿಸಿದ ಮೇಲೆ ಅದರ ಆಯಸ್ಸು ಎರಡೇ ದಿನ. ಹಾಗಾಗಿ ರಾಮಥಾಳದ ಅಂಜೂರ ತಿನ್ನಬೇಕಾದರೆ ರಾಮಥಾಳಕ್ಕೇ ಹೋಗಬೇಕು. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ರಾತ್ರಿ ಬಸ್ ಹತ್ತಿದೆ.

ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ ಎಲ್ಲ ನಿದ್ದೆಯಲ್ಲೇ ಕಳೆದವು. ಇಳಕಲ್ ಬಂದಾಗ ಎಚ್ಚರ ಆಯ್ತು. ಹೊರಗಿನವರಿಗೆ ಇಳಕಲ್ ಅಂದರೆ ಸೀರೆ. ಬೆಳಗಿನ ಜಾವದ ಬಸ್ಸಿನ ಕಿಟಕಿಗೆ ಕಾಣೋದು ಮಾತ್ರ ಕೆಂಪು ಗ್ರಾನೈಟಿನ ದೊಡ್ಡ ದೊಡ್ಡ ಬಂಡೆ. ಹುನಗುಂದದಲ್ಲಿ ಇಳಿದೆ. ಕಾಕಾನ ಮಗ ಬೈಕ್ ತಂದಿದ್ದ.

ಈ ಸೀಮೆಯನ್ನು ಮಾರ್ಚಿನಲ್ಲಿ ನೋಡಬೇಕು. ಹಿಂಗಾರಿ ಜೋಳ ಕೊಯ್ದು ಮುಗಿದಿರುತ್ತೆ, ಕಣಕಿಯ ಬಣವಿಗಳು ಸಾಲಾಗಿ ನಿಂತಿರುತ್ತವೆ. ಎರಿ ಹೊಲ ಬಿರುಕು ಬಿಟ್ಟು ಬಾಯಿ ತೆರೆದಿರುತ್ತೆ. ಚಿಕ್ಕವರಿದ್ದಾಗ ಆ ಬಿರುಕಿನಲ್ಲಿ ನನ್ನ ಎರಡು ಚೆಂಡು ಹೋಗಿವೆ, ಇನ್ನೂ ಸಿಕ್ಕಿಲ್ಲ. ನಡುನಡುವೆ ಕಪ್ಪು ಪೈಪು, ವಾಲ್ವು, ಫಿಲ್ಟರ್ ಮನೆಗಳು. ಗೂಗಲ್ ಮಾಡಿದರೆ ನಮ್ಮೂರ ಹೆಸರಿನ ಜೊತೆ ಮೊದಲು ಬರೋದೇ ಅದು: ರಾಮಥಾಳ–ಮರೋಳ ಹನಿ ನೀರಾವರಿ ಯೋಜನೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲಕ್ಕೆತ್ತಿ, 24,000 ಹೆಕ್ಟೇರ್ ಹೊಲಕ್ಕೆ ಕಾಲುವೆ ಬದಲು ಪೈಪಿನಲ್ಲೇ ಹನಿ ಹನಿಯಾಗಿ ಕೊಡುವ ಯೋಜನೆ. ಏಷ್ಯಾದಲ್ಲೇ ದೊಡ್ಡದು ಅಂತ ಪೇಪರಿನಲ್ಲಿ ಬಂದಿತ್ತು. ಬೆಂಗಳೂರಿನಲ್ಲಿ ಯಾರಾದರೂ ಯಾವೂರು ಅಂತ ಕೇಳಿದರೆ ಮೊದಲು "ಬದಾಮಿ, ಐಹೊಳೆ ಕಡೆ" ಅಂತಿದ್ದೆ. ಈಗ ಒಬ್ಬಿಬ್ಬರು "ಓ, ಆ ಡ್ರಿಪ್ ಊರಾ?" ಅಂತಾರೆ.

ನಮ್ಮ ಗಿಡ ಆ ಪೈಪಿನ ನೀರು ಕುಡಿದದ್ದಲ್ಲ. ಅವ್ವ ಪಾತ್ರೆ ತೊಳೆದ ನೀರಿಗೇ ಬೆಳೆದದ್ದು. ಕೆಲವು ವರ್ಷದ ಹಿಂದೆ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳಕ್ಕೆ ಹೋಗಿದ್ದ ಅಪ್ಪ, ಮೆಣಸಿನ ಬೀಜ ತರುತ್ತೇನೆ ಅಂದವರು ಅಂಜೂರದ ಒಂದು ಸಸಿ ಹಿಡಿದುಕೊಂಡು ಬಂದರು. ಪುಣೆ ತಳಿ. ಅಲ್ಲಿಯವರೆಗೆ ನನಗೆ ಅಂಜೂರ ಅಂದರೆ ಅಮೀನಗಡದ ಕರದಂಟಿನೊಳಗೆ ಹಲ್ಲಿಗೆ ಕಿರ್ ಅಂತ ಸಿಗುವ ಬೀಜ, ಅಥವಾ ಕಿರಾಣಿ ಅಂಗಡಿಯಲ್ಲಿ ದಾರಕ್ಕೆ ಪೋಣಿಸಿ ನೇತುಹಾಕಿದ ಒಣಗಿದ ಬಿಲ್ಲೆ. ಅದು ಗಿಡದಲ್ಲೂ ಹಾಗೇ ಮಾಲೆಯಾಗಿ ಬಿಡುತ್ತೆ ಅಂದುಕೊಂಡಿದ್ದೆ, ನಗಬೇಡಿ. ನಮ್ಮ ದೇಶದಲ್ಲಿ ಮಾರುವ ಒಣ ಅಂಜೂರದ ಬಹುಪಾಲು ಅಫ್ಘಾನಿಸ್ತಾನದ್ದು. ಅಮೀನಗಡಕ್ಕೂ ಕಂದಾಹಾರಕ್ಕೂ ಈ ಸಂಬಂಧ ಇದೆ ಅಂತ ಗೊತ್ತಾಗಿದ್ದು ಆಮೇಲೆ.

ಅಜ್ಜಿ ಇದ್ದಾಗ ಈ ಹಣ್ಣನ್ನು ಮುಟ್ಟುತ್ತಿರಲಿಲ್ಲ. "ಅತ್ತಿ ಹಣ್ಣ ಬಿಚ್ಚಿದ್ರ ಹುಳ" ಅನ್ನೋದು ಅವಳ ಖಾಯಂ ವಾದ. ಅತ್ತಿ, ಆಲ, ಅರಳಿ, ಅಂಜೂರ ಎಲ್ಲ ಒಂದೇ ಕುಲ, ಹೂವು ಕಾಯಿಯ ಹೊಟ್ಟೆಯೊಳಗೇ ಇರುತ್ತೆ ಅನ್ನೋದು ನಿಜ. ಅತ್ತಿಯ ಪರಾಗಸ್ಪರ್ಶಕ್ಕೆ ಪುಟ್ಟ ಕಣಜ ಒಳಗೆ ಹೋಗಲೇಬೇಕು. ಆದರೆ ಪುಣೆ ತಳಿಯಂಥ ಅಂಜೂರಕ್ಕೆ ಕಣಜ ಬೇಕಿಲ್ಲ, ತಾನಾಗೇ ಹಣ್ಣಾಗುತ್ತೆ. ಇದನ್ನು ಅಜ್ಜಿಗೆ ಎಷ್ಟು ಹೇಳಿದರೂ ಒಪ್ಪಲಿಲ್ಲ.

ಬ್ಯಾಗ್ ಇಳಿಸುವ ಮೊದಲೇ ಅಪ್ಪ ಹಿತ್ತಲಿಗೆ ಕರೆದುಕೊಂಡು ಹೋದರು. ಎರಡು ವರ್ಷದಿಂದ ಅವರಿಗೆ ಎಡಗಣ್ಣು ಮಂಜು. ಹಣ್ಣಿನ ಬಣ್ಣ ನೋಡಲ್ಲ, ಕೈಯಲ್ಲೇ ನೋಡ್ತಾರೆ. ಎಲೆ ಸರಿಸಿ ಒಂದೊಂದೇ ಹಣ್ಣಿನ ಕುತ್ತಿಗೆ ಮುಟ್ಟುತ್ತಾರೆ. ನೆಟ್ಟಗಿದ್ದರೆ ಬಿಡ್ತಾರೆ. ಬಾಗಿ ಜೋತುಬಿದ್ದಿದ್ದರೆ ತುದಿ ಒತ್ತಿ ನೋಡ್ತಾರೆ; ಮೆತ್ತಗಿದ್ದು, ಕಣ್ಣಿನ ಹತ್ತಿರ ಬೆರಳಿಗೆ ಅಂಟು ಹತ್ತಿದರೆ ಹಣ್ಣಾಗಿದೆ ಅಂತ ಅರ್ಥ. ತೊಟ್ಟು ಮುರಿದ ಕಡೆ ಹಾಲು ಒಸರುತ್ತೆ. ಅದು ಚರ್ಮಕ್ಕೆ ಹತ್ತಿದರೆ ತುರಿಕೆ, ಅದಕ್ಕೇ ಅಪ್ಪ ಕಡು ಬೇಸಿಗೆಯಲ್ಲೂ ಫುಲ್ ತೋಳಿನ ಅಂಗಿ ಹಾಕ್ತಾರೆ. ಮೊದಲ ಹಣ್ಣು ಎರಡು ಸೀಳಾಯ್ತು. ಒಳಗೆ ಕೆಂಪು, ಬೆಚ್ಚಗೆ, ಜೇನು. ಬಿಸಿಲಿಗೆ ಗಿಡದ ಮೇಲೇ ಅರ್ಧ ಬೆಂದ ಹಾಗೆ.

ಅಂಜೂರ ಅಂದರೆ ಲೆಕ್ಕ ಹಾಕಿದ ಬಿಸಿಲು ಅನ್ನೋದು ನನಗೆ ತಿಳಿದದ್ದು ಈ ಹಿತ್ತಲಿನಲ್ಲಲ್ಲ, ಬಿಸಿಲೇ ಇಲ್ಲದ ಊರಿನಲ್ಲಿ. ಕಂಪನಿಯವರು ಮೂರು ವರ್ಷ ಇಂಗ್ಲೆಂಡಿನ ಶೆಫೀಲ್ಡಿಗೆ ಕಳಿಸಿದ್ದರು. ಜುಲೈ ಅಂದರೆ ಅಲ್ಲಿ ಕಡು ಬೇಸಿಗೆ, ಮಧ್ಯಾಹ್ನದ ಉಷ್ಣಾಂಶ ಸರಾಸರಿ 21 ಡಿಗ್ರಿ. ನಮ್ಮೂರಿನಲ್ಲಿ ಡಿಸೆಂಬರ್ ಮಧ್ಯಾಹ್ನವೂ ಅಷ್ಟು ತಣ್ಣಗಿರಲ್ಲ. ಮೊದಲ ಚಳಿಗಾಲ ಕಳೆಯೋದರೊಳಗೆ ತಲೆ ಕೆಟ್ಟು, ಏಪ್ರಿಲಿನಲ್ಲಿ ಗಿಡ ಮಾರುವ ಅಂಗಡಿಗೆ ಹೋಗಿ ಒಂದು ಅಂಜೂರದ ಕುಂಡ ತಂದೆ. ತಳಿಯ ಹೆಸರು ಬ್ರೌನ್ ಟರ್ಕಿ. ಬಾಡಿಗೆ ಮನೆ ಹಿಂದಿನ ಇಟ್ಟಿಗೆ ಗೋಡೆಗೆ ಒರಗಿಸಿಟ್ಟೆ.

ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಾಡಲು ಒಂದು ವಿಷಯ ಸಿಕ್ಕಿತು. ಅದಕ್ಕೂ ಮೊದಲು ನಮ್ಮ ಫೋನ್ ಮಾತು ಎರಡು ನಿಮಿಷ ದಾಟುತ್ತಿರಲಿಲ್ಲ. ಆರಾಮ ಅದಿ? ಆರಾಮ. ಅವ್ವನ ಕೈಯಾಗ ಕೊಡ್ತೀನಿ. ಮುಗೀತು.

ಆ ಬೇಸಿಗೆ ಗಿಡ ಚೆನ್ನಾಗಿ ಬೆಳೀತು. ಆಗಸ್ಟಿನಲ್ಲಿ ಕಾಯಿ ಕೂಡ ಕಾಣಿಸಿದವು. ಸೆಪ್ಟೆಂಬರಿನಲ್ಲಿ ಗೋಲಿಯಷ್ಟಾದವು. ಅಕ್ಟೋಬರಿನಲ್ಲೂ ಗೋಲಿಯಷ್ಟೇ. ಅಪ್ಪ ಹೇಳಿದರು: "ಚಾಟ್ನಿ ಹೊಡಿ." ದ್ರಾಕ್ಷಿಯವರ ಮಾತು ಅದು, ಕೊಂಬೆ ಕತ್ತರಿಸಿ ಗಿಡ ಬೋಳು ಮಾಡೋದು. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಅಂಜೂರಕ್ಕೆ ಅದನ್ನೇ ಮಾಡ್ತಾರೆ. ಹೊಸ ಚಿಗುರು ಬಂದು, ಅದರಲ್ಲೇ ಕಾಯಿ ಕಟ್ಟಿ, ಫೆಬ್ರವರಿ–ಮಾರ್ಚಿನ ಬಿಸಿಲಿಗೆ ಹಣ್ಣಾಗುತ್ತೆ. ನಾನು ಕತ್ತರಿ ತಗೊಂಡು ಅಪ್ಪ ಹೇಳಿದಂಗೆ ಎಲ್ಲ ಕೊಂಬೆಯನ್ನೂ ಅರ್ಧಕ್ಕೆ ಕತ್ತರಿಸಿದೆ.

ಮರುವರ್ಷ ಒಂದೇ ಒಂದು ಹಣ್ಣು ಬರಲಿಲ್ಲ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ಇದ್ದರು, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಬೇಲಿಯ ಮೇಲಿಂದ ನನ್ನ ಗಿಡ ನೋಡಿ "ಹೋದ ವರ್ಷವೇ ಈ ವರ್ಷದ ಹಣ್ಣನ್ನು ಕತ್ತರಿಸಿ ಎಸೆದಿದ್ದೀಯಲ್ಲ ಮಾರಾಯ" ಅನ್ನುವ ಅರ್ಥದಲ್ಲಿ ನಕ್ಕರು. ಆಮೇಲೆ ವಿವರಿಸಿದರು, ನಾನೂ ಒಂದಿಷ್ಟು ಓದಿಕೊಂಡೆ.

ವಿಷಯ ಹೀಗಿದೆ. ಅಂಜೂರದ ಕಾಯಿ ಒಂದೇ ಸಮನೆ ದಪ್ಪ ಆಗಲ್ಲ. ಮೊದಲು ಬೇಗ ಬೇಗ ಬೆಳೆಯುತ್ತೆ. ಆಮೇಲೆ ವಾರಗಟ್ಟಲೆ ಸುಮ್ಮನೆ ಕೂತುಬಿಡುತ್ತೆ, ಗಿಡ ಸತ್ತೇ ಹೋಯ್ತೇನೋ ಅನ್ನಿಸುವಷ್ಟು. ಕೊನೆಗೆ ಕೆಲವೇ ದಿನಗಳಲ್ಲಿ ಉಬ್ಬಿ, ಬಣ್ಣ ಬಂದು, ಸಕ್ಕರೆ ತುಂಬಿಕೊಂಡು ಜೋತುಬೀಳುತ್ತೆ. ಈ ಕೊನೆಯ ಹಂತಕ್ಕೆ ಬಿಸಿಲು ಬೇಕೇ ಬೇಕು. ಶೆಫೀಲ್ಡಿನಂಥ ತಂಪು ಊರಿನಲ್ಲಿ ಬೇಸಿಗೆಯ ಹೊಸ ಚಿಗುರಿಗೆ ಬಂದ ಕಾಯಿ ಆ ನಡುವಿನ ನಿದ್ದೆಯಲ್ಲಿದ್ದಾಗಲೇ ಚಳಿ ಬಂದುಬಿಡುತ್ತೆ. ಅದು ಯಾವತ್ತೂ ಹಣ್ಣಾಗಲ್ಲ.

ಹಾಗಾದರೆ ಅಲ್ಲಿ ಹಣ್ಣಾಗೋದು ಯಾವುದು? ಶರತ್ಕಾಲದಲ್ಲಿ ಕೊಂಬೆಯ ತುದಿಯಲ್ಲಿ ಬಟಾಣಿ ಕಾಳಿನಷ್ಟು, ಅದಕ್ಕಿಂತಲೂ ಚಿಕ್ಕದಾಗಿ ಇರುವ ಮೊಗ್ಗು. ಅವು ಚಳಿಗಾಲ ಪೂರ್ತಿ ಬರಿಗೊಂಬೆಗೆ ಅಂಟಿಕೊಂಡು ಬದುಕಿ, ವಸಂತ ಬಂದ ತಕ್ಷಣ ಬೆಳೆಯಲು ಶುರು ಮಾಡುತ್ತವೆ. ಹೊಸ ಚಿಗುರಿನ ಕಾಯಿಗಿಂತ ಅವಕ್ಕೆ ಎಷ್ಟೋ ವಾರ ಮೊದಲೇ ಓಟ ಶುರುವಾದಂತೆ. ಆಗಸ್ಟಿಗೆ ಮುಟ್ಟುತ್ತವೆ. ಅಂದರೆ ಅಲ್ಲಿ ಹಣ್ಣು ಬರೋದು ಹೋದ ವರ್ಷದ ಕೊಂಬೆಯ ತುದಿಗೆ, ಇಲ್ಲಿ ಈ ವರ್ಷದ ಚಿಗುರಿಗೆ. ಅಪ್ಪನ ಚಾಟ್ನಿ ರಾಮಥಾಳದಲ್ಲಿ ನೂರಕ್ಕೆ ನೂರು ಸರಿ, ಶೆಫೀಲ್ಡಿನಲ್ಲಿ ನೂರಕ್ಕೆ ನೂರು ತಪ್ಪು.

ಎರಡನೇ ಚಳಿಗಾಲ ಅಜ್ಜ ಹೇಳಿದಂತೆ ಮಾಡಿದೆ. ನವೆಂಬರಿನಲ್ಲಿ ಬಟಾಣಿಗಿಂತ ದಪ್ಪ ಇದ್ದ ಕಾಯನ್ನೆಲ್ಲ ಕಿತ್ತು ಬಿಸಾಕಿದೆ. ಹಸಿ ಕಾಯಿ ಕೀಳುವಾಗ ಕೈ ಬರಲ್ಲ, ನಿಜ ಹೇಳ್ತೀನಿ. ಕುಂಡ ಬದಲಿಸಲಿಲ್ಲ, ಬೇರಿಗೆ ಜಾಗ ಇಕ್ಕಟ್ಟಾಗಿದ್ದರೆ ಗಿಡ ಎಲೆ ಬಿಟ್ಟು ಹಣ್ಣಿನ ಕಡೆ ಮನಸ್ಸು ಮಾಡುತ್ತೆ. ಕುಂಡವನ್ನು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಸರಿಸಿದೆ. ಹಗಲು ಕಾದ ಇಟ್ಟಿಗೆ ರಾತ್ರಿ ಆ ಬಿಸಿಯನ್ನು ಗಿಡಕ್ಕೆ ಕೊಡುತ್ತೆ. ಹಿಮ ಬೀಳುವ ರಾತ್ರಿಗಳಲ್ಲಿ ಕೊಂಬೆಗೆ ಬಟ್ಟೆ ಸುತ್ತಿದೆ. ಅವ್ವ ಕಳಿಸಿದ್ದ ಕೌದಿ ಅದು, ಇವತ್ತಿಗೂ ಅವಳಿಗೆ ಹೇಳಿಲ್ಲ.

ಆ ಅಜ್ಜನೇ ಒಂದು ಭಾನುವಾರ ಡಾನ್ ನದಿಯ ದಂಡೆಗೆ ಕರೆದುಕೊಂಡು ಹೋಗಿ ತೋರಿಸಿದ್ದು: ಹಳೇ ಕಾರ್ಖಾನೆ ಗೋಡೆಗಳ ಮಗ್ಗುಲಲ್ಲಿ, ನೀರಿನ ಅಂಚಿಗೆ, ಯಾರೂ ನೆಡದ ಅಂಜೂರದ ಮರಗಳು. ಒಂದಲ್ಲ, ಸಾಲು ಸಾಲು. ಹೇಗೆ ಬಂದವು? ಊರಿನವರು ತಿಂದ ಅಂಜೂರದ ಬೀಜ ಚರಂಡಿ ಮೂಲಕ ನದಿ ಸೇರಿತ್ತು. ಉಕ್ಕಿನ ಕಾರ್ಖಾನೆಗಳು ಯಂತ್ರ ತಣ್ಣಗೆ ಮಾಡಲು ನದಿ ನೀರು ಎತ್ತಿ, ಬಿಸಿಯಾದದ್ದನ್ನು ವಾಪಸ್ ಬಿಡುತ್ತಿದ್ದವು. ಹಾಗಾಗಿ ನದಿ ಸುಮಾರು 20 ಡಿಗ್ರಿಯಷ್ಟು ಬೆಚ್ಚಗಿರುತ್ತಿತ್ತು, ದಂಡೆಯ ಬೀಜ ಮೊಳಕೆ ಒಡೆದವು. ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿದ್ದ ಆಲಿವರ್ ಗಿಲ್ಬರ್ಟ್ ಅನ್ನುವ ಪರಿಸರ ವಿಜ್ಞಾನಿ ಈ ಮರಗಳನ್ನು ಅಧ್ಯಯನ ಮಾಡಿ ಈ ಕಥೆ ಬಿಡಿಸಿದರು. ಕಾರ್ಖಾನೆಗಳು ಮುಚ್ಚಿದವು, ನದಿ ಮತ್ತೆ ತಣ್ಣಗಾಯ್ತು, ಹೊಸ ಸಸಿ ಹುಟ್ಟೋದು ನಿಂತಿತು. ಹುಟ್ಟಿದವು ಮಾತ್ರ ಹೋಗಲಿಲ್ಲ. ಅಜ್ಜ ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿದ್ದವರು. ಮರದ ಕಾಂಡ ತಟ್ಟಿ "ಇವನು ನಮ್ಮ ಜೊತೆಯವನು" ಅಂದರು.

ಮೂರನೇ ಆಗಸ್ಟಿನಲ್ಲಿ ನನ್ನ ಕುಂಡದಲ್ಲಿ ನಾಲ್ಕು ಹಣ್ಣಾದವು. ನಾಲ್ಕೇ. ಒಂದು ಅಜ್ಜನಿಗೆ ಕೊಟ್ಟೆ. ಸಿಹಿ ಇತ್ತು, ಆದರೆ ನಮ್ಮ ಹಿತ್ತಲಿನ ಜೇನಿಲ್ಲ. ಸ್ವಲ್ಪ ನೀರು ನೀರು. ಫೋಟೋ ಕಳಿಸಿದೆ. ಅಪ್ಪನ ಉತ್ತರ: "ಮೂರ ವರ್ಷಕ್ಕ ನಾಕ್ ಹಣ್ಣ. ಚಲೋ ಕಂಪನಿ ಸೇರಿ." ಎರಡು ನಿಮಿಷ ಬಿಟ್ಟು ಇನ್ನೊಂದು ಮೆಸೇಜ್: "ರುಚಿ ಹೆಂಗಿತ್ತು?"

ವಾಪಸ್ ಬರುವ ಮೊದಲು ಲಂಡನ್ನಿಗೆ ಹೋಗಿದ್ದೆ. ಥೇಮ್ಸ್ ದಂಡೆಯ ಬಸವಣ್ಣನ ಮೂರ್ತಿ ನೋಡದೆ ಬಂದರೆ ಹುನಗುಂದ ತಾಲ್ಲೂಕಿನವನಿಗೆ ಊರಲ್ಲಿ ಮರ್ಯಾದೆ ಇಲ್ಲ, ಕೂಡಲಸಂಗಮ ನಮ್ಮದೇ ತಾಲ್ಲೂಕು ತಾನೇ. 2015ರ ನವೆಂಬರಿನಲ್ಲಿ ಅನಾವರಣ ಆದ ಮೂರ್ತಿ ಅದು. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಲ್ಯಾಂಬೆತ್ ಅರಮನೆ, ಆರ್ಚ್‌ಬಿಷಪ್ಪರ ನಿವಾಸ. ಅದರೊಳಗೂ ಒಂದು ಹಳೇ ಅಂಜೂರ ಇದೆ, ವೈಟ್ ಮಾರ್ಸೇಲ್ಸ್ ಅನ್ನುವ ತಳಿ. ಹದಿನಾರನೇ ಶತಮಾನದಲ್ಲಿ ಕಾರ್ಡಿನಲ್ ಪೋಲ್ ನೆಟ್ಟದ್ದರ ಸಂತಾನ ಅಂತ ಹೇಳ್ತಾರೆ. ಅವತ್ತು ಒಳಗೆ ಬಿಡಲಿಲ್ಲ. ಗೋಡೆ ನೋಡಿ ಬಂದೆ. ಬೆಚ್ಚಗಿನ ಗೋಡೆ, ಅಷ್ಟು ಖಾತ್ರಿ.

ಇಷ್ಟೆಲ್ಲ ಈಗ ನೆನಪಾಗಲು ಕಾರಣ ಇದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಸುಮ್ಮನೆ ಅನ್ನುವ ಹಾಗೆ ಒಂದು ಮಾತು ಬಿಟ್ಟರು. "ಕೆಳಗಿನ ಹೊಲದಾಗ ಒಂದ ಎಕರೆ ಅಂಜೂರ ಹಚ್ಚೂಣು ಅಂತೀನಿ. ನೀ ಏನಂತಿ?"

ನಾನು ಅನ್ನೋದೇನು, ಫೋನ್ ತೆಗೆದು ಲೆಕ್ಕ ಹಾಕಿದೆ. ಅಭ್ಯಾಸ ಬಲ. ಐದು ಮೀಟರಿಗೆ ಒಂದು ಗಿಡ ಅಂದರೆ ಎಕರೆಗೆ 160 ಗಿಡ. ಡ್ರಿಪ್ ಇದೆ, ಬೇಸಿಗೆಗೆ ಬೋರ್ ಇದೆ. ಆದರೆ ಕೆಳಗಿನದು ಎರಿ ಹೊಲ. ಮಳೆ ಹಿಡಿದರೆ ನೀರು ಬಸಿಯಲ್ಲ, ಅಂಜೂರದ ಬೇರಿಗೆ ನಿಂತ ನೀರು ಆಗಲ್ಲ. ಹಿತ್ತಲಿನದು ಮಸಾರಿ ಮಣ್ಣು, ಅದಕ್ಕೇ ಅಲ್ಲಿ ಸುಖವಾಗಿದೆ. ಮಳೆಗಾಲದಲ್ಲಿ ಎಲೆಗೆ ತುಕ್ಕು ರೋಗ ಬೇರೆ. ಪುಣೆ ಹತ್ತಿರದ ಪುರಂದರದಲ್ಲಿ ತಲೆಮಾರುಗಳಿಂದ ಅಂಜೂರ ಬೆಳೀತಾರೆ, ಅವರ ಹಣ್ಣಿಗೆ ಜಿಐ ಮಾನ್ಯತೆ ಕೂಡ ಸಿಕ್ಕಿದೆ. ಅವರು ವರ್ಷದ ಎರಡು ಬೆಳೆಗೆ ಇಟ್ಟ ಹೆಸರೇ ಎಲ್ಲ ಹೇಳುತ್ತೆ: ಮಳೆಗಾಲದ್ದು ಖಟ್ಟಾ ಬಹಾರ, ಬೇಸಿಗೆಯದು ಮೀಠಾ ಬಹಾರ. ಹುಳಿ ಬೆಳೆ, ಸಿಹಿ ಬೆಳೆ. ಮೋಡ ಮುಚ್ಚಿದ ಪುರಂದರವೂ ಒಂದು ಸಣ್ಣ ಶೆಫೀಲ್ಡೇ.

"ನಾವ ಬ್ಯಾಸಿಗಿ ಬೆಳಿ ಅಷ್ಟ ತಗೊಳ್ಳೂಣು," ಅಂದರು ಅಪ್ಪ. ಅದೂ ಸರಿ. ಗಂಜಾಂನಲ್ಲಿ, ಬಳ್ಳಾರಿ, ಕೊಪ್ಪಳದ ಕಡೆ ಬೆಳೆಯೋದಿಲ್ಲವೇ? ನಮ್ಮ ಬಿಸಿಲು ಅವರಿಗಿಂತ ಯಾವುದರಲ್ಲಿ ಕಮ್ಮಿ?

"ಬಿಡಸಾಕ ಯಾರು?" ಅಂತ ಕೇಳಿದೆ. ಒಂದು ಗಿಡಕ್ಕೆ ದಿನಕ್ಕೆ ಐದೇ ಹಣ್ಣು ಅಂದುಕೊಂಡರೂ 160 ಗಿಡಕ್ಕೆ 800. ಬಿಸಿಲು ಏರೋದರೊಳಗೆ, ಒಂದೊಂದರ ಕುತ್ತಿಗೆ ಮುಟ್ಟಿ ನೋಡಿ, ಚರ್ಮ ಸುಲಿಯದ ಹಾಗೆ ಬಿಡಿಸಿ, ಅವತ್ತೇ ಹುಬ್ಬಳ್ಳಿಗೋ ಬಾಗಲಕೋಟೆಗೋ ಮುಟ್ಟಿಸಬೇಕು. ಕೂಲಿಯವರಿಗೆ ಕುತ್ತಿಗೆ ಮುಟ್ಟೋದು ಕಲಿಸಬಹುದು. ಆದರೆ ಪಕ್ಕದಲ್ಲಿ ಒಬ್ಬರು ನಿಲ್ಲಬೇಕು. ದಿನಾ. ಮೂರು ತಿಂಗಳು.

ಅಪ್ಪ ರೊಟ್ಟಿ ಮುರಿಯುತ್ತಾ ಅಂದರು: "ಇನ್ನ ಹತ್ತ ವರ್ಷ ನಾ ನಿಲ್ತೀನಿ. ಆಮ್ಯಾಗ?"

ಅಲ್ಲಿಗೆ ಗೊತ್ತಾಯ್ತು, ಅವರು ಕೇಳುತ್ತಿದ್ದುದು ಅಂಜೂರದ ವಿಷಯ ಅಲ್ಲ ಅಂತ. ಅವ್ವ ಒಳಗಿಂದ ಪುಂಡಿಪಲ್ಯೆ ತಂದು ಇಬ್ಬರ ತಾಟಿಗೂ ಹಾಕಿ, ಏನೂ ಕೇಳಿಸದವಳ ಹಾಗೆ ಒಳಗೆ ಹೋದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬರ್ತೀನಿ ಅಂದರೆ ಸುಳ್ಳು. ಬರಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ವರ್ಕ್ ಫ್ರಮ್ ಹೋಮ್ ಅಂತ ಒಂದು ವರ್ಷ ಊರಲ್ಲಿದ್ದವರು ನನ್ನ ಟೀಮಿನಲ್ಲೇ ಇದ್ದಾರೆ. ನಮ್ಮೂರಲ್ಲಿ ನೆಟ್‌ವರ್ಕ್ ಮಹಡಿ ಹತ್ತಿದರೆ ಮಾತ್ರ ಸಿಗುತ್ತೆ ಅನ್ನೋದು ಬೇರೆ ಮಾತು. ಇಂಥ ಪ್ರಶ್ನೆಗೆ ಊಟದ ಮಧ್ಯೆ ಉತ್ತರ ಕೊಡೋದು ನನ್ನಿಂದ ಆಗಲಿಲ್ಲ.

ಸಂಜೆ ಇಬ್ಬರೂ ಮೇಲಿನ ಹೊಲಕ್ಕೆ ಹೋದೆವು. ಅದರ ಒಂದು ಮೂಲೆ ಮಸಾರಿ, ಸ್ವಲ್ಪ ಇಳಿಜಾರು, ನೀರು ನಿಲ್ಲಲ್ಲ. ಡ್ರಿಪ್ ಪೈಪಿನ ಕೊನೆ ಅಲ್ಲಿಗೆ ಮುಟ್ಟುತ್ತೆ. ಅಪ್ಪ ಹೆಜ್ಜೆ ಅಳೆದರು, ನಾನು ಕಲ್ಲಿಟ್ಟೆ. ಹತ್ತು ಗುಂಡಿಗೆ ಜಾಗ ಆಯ್ತು. ಎಕರೆ ಅಲ್ಲ, ಹತ್ತು ಗಿಡ. ಅಷ್ಟಾದರೆ ಅಪ್ಪ ಒಬ್ಬರೇ ಬೆಳಿಗ್ಗೆ ಚಹಾಕ್ಕೆ ಮೊದಲು ಬಿಡಿಸಬಹುದು, ಹುನಗುಂದದ ಸಂತೆಯಲ್ಲೇ ಮಾರಬಹುದು. ಸಸಿ ಕೊಳ್ಳೋದು ಬೇಡ, ಅಕ್ಟೋಬರಿನ ಚಾಟ್ನಿಯಲ್ಲಿ ಬಿದ್ದ ಕೊಂಬೆಯನ್ನೇ ಒಂದೊಂದು ಗೇಣು ಕತ್ತರಿಸಿ ಊರೋದು ಅಂತ ಮಾತಾಯ್ತು.

"ಚಾಟ್ನಿಗೆ ನೀ ಬರ್ಬೇಕ," ಅಂದರು. "ಯಾವ ಕಣ್ಣಿನ ಮ್ಯಾಲ ಕತ್ತರಸಬೇಕು ನನಗ ಕಾಣೂದಿಲ್ಲ."

ಭಾನುವಾರ ರಾತ್ರಿ ಬಸ್ಸಿಗೆ ಅವ್ವ ಸ್ಟೀಲ್ ಡಬ್ಬಿಗೆ ಅಂಜೂರದ ಎಲೆ ಹಾಸಿ ಹನ್ನೆರಡು ಹಣ್ಣು ಜೋಡಿಸಿ ಕೊಟ್ಟಳು. ಬೆಂಗಳೂರು ಮುಟ್ಟುವಷ್ಟರಲ್ಲಿ ಐದು ಅಪ್ಪಚ್ಚಿಯಾಗಿದ್ದವು. ಅವನ್ನು ಡಬ್ಬಿಯಿಂದ ಬೆರಳಲ್ಲೇ ಬಳಿದು ತಿಂದೆ. ಉಳಿದ ಏಳನ್ನು ಆಫೀಸಿಗೆ ಒಯ್ದೆ, ಹತ್ತು ಗಂಟೆಯ ಮೀಟಿಂಗಿಗೆ ಮೊದಲೇ ಖಾಲಿ.

ಅಕ್ಟೋಬರ್ ಎರಡನೇ ವಾರಕ್ಕೆ ಈಗಲೇ ಮೂರು ದಿನ ರಜೆ ಹಾಕಿದ್ದೇನೆ. ಕಾರಣದ ಜಾಗದಲ್ಲಿ "ಕಟಿಂಗ್" ಅಂತ ಬರೆದಿದ್ದೆ. ಕಟಿಂಗಿಗೆ ಮೂರು ದಿನ ಯಾಕೆ ಬೇಕು ಅಂತ ಮ್ಯಾನೇಜರ್ ನನ್ನ ತಲೆ ಕಡೆ ನೋಡಿದರು.